ಹೊಗೆ ಹಿಡಿದ ಎಂಟು ಬಿಲ್ಲೆಗಳು

ಜುಲೈ ಹದಿನಾರು, ಮಂಗಳವಾರ, ಬೆಳಿಗ್ಗೆ ಏಳೂ ನಲವತ್ತು. ಭೂಮಿಯ ಈ ದಕ್ಷಿಣಾರ್ಧದಲ್ಲಿ ಅದು ನಟ್ಟ ಚಳಿಗಾಲ. ಆ ಹೊತ್ತಿನಲ್ಲಿ ಬ್ರಾಕ್‌ಫರ್ಡ್ ಕಣಿವೆಯಲ್ಲಿ ಗಾಳಿ ಎನ್ನುವುದೇ ಆಡುವುದಿಲ್ಲ. ಹಿಂದಿನ ಸಂಜೆ ಮನೆಮನೆಯ ಕಬ್ಬಿಣದ ಒಲೆಯಿಂದ ಎದ್ದ ಹೊಗೆ ಮೇಲೆ ಹೋಗಲಾರದೆ, ಹೊಳೆಯ ಮಂಜಿನ ಜೊತೆ ಬೆರೆತು, ಸೂರಿನ ಮಟ್ಟಕ್ಕೆ ಕಂಬಳಿ ಹೊದ್ದು ಮಲಗಿರುತ್ತದೆ. ಠಾಣೆಯ ದೀಪ ಇನ್ನೂ ಉರಿಯುತ್ತಿತ್ತು. ಡಾ. ಇಸೊಬೆಲ್ ಟ್ರೆಸಿಡರ್ ಒಳಗೆ ಬಂದು, ತಮ್ಮ ಎಂಟು ಬಿಲ್ಲೆಗಳು ಕಳುವಾಗಿವೆ ಎಂದು ದೂರು ಕೊಟ್ಟರು.

ಬರೆದುಕೊಂಡವನು ಕಾನ್‌ಸ್ಟೆಬಲ್ ರೋವನ್ ಕ್ಲೆನೆಟ್. ಅದೇ ಊರಲ್ಲಿ ಹುಟ್ಟಿದವನು. ಯಾವ ಬಿಲ್ಲೆ ಎಂದು ಕೇಳಿದ. ಬಿಸ್ಕತ್ತಿನಷ್ಟು ಅಗಲದ, ಬಿಳಿಯ ಸೋಸುಕಾಗದ ಎಂದರು ಡಾಕ್ಟರ್. ಯಂತ್ರದ ಪೆಟ್ಟಿಗೆಯೊಳಗೆ ಇಟ್ಟರೆ ಹಗಲೂ ರಾತ್ರಿ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯಲ್ಲಿರುವುದೆಲ್ಲ ಅದರ ಮೇಲೆ ಕೂರುತ್ತದೆ. ವಾರ ಕಳೆದರೆ ಬಿಳಿ ಹೋಗಿ ಚಹದ ಬಣ್ಣ.

"ಅಂದ್ರೆ ಮಸಿ ಹಿಡಿದ ಎಂಟು ಕಾಗದದ ಚೂರು," ಅಂದ ಕ್ಲೆನೆಟ್. "ನಮ್ಮಜ್ಜಿ ಮನೆ ಕಿಟಕಿ ಪರದೆ ತಂದುಕೊಡ್ಲಾ ಡಾಕ್ಟ್ರೇ? ಅದರಲ್ಲಿ ನಲವತ್ತು ವರ್ಷದ್ದು ಕೂತಿದೆ."

ಡಾಕ್ಟರ್ ನಗಲಿಲ್ಲ. ಒಳಕೋಣೆಯಿಂದ ಇನ್‌ಸ್ಪೆಕ್ಟರ್ ನೋರಾ ಪೈಬಸ್ ಎದ್ದು ಬಂದರು. ಅವರು ಮೊದಲು ನೋಡಿದ್ದು ಡಾಕ್ಟರ ಕಾಲುಗಳನ್ನು. ಎರಡಕ್ಕೂ ಬೇರೆಬೇರೆ ಬೂಟು ತೊಟ್ಟು ಬಂದಿದ್ದರು.

ಡಾ. ಟ್ರೆಸಿಡರ್ ಗಾಳಿಯನ್ನು ಓದಿದವರು. ಏಪ್ರಿಲ್‌ನಲ್ಲಿ ಬಂದು, ಹಳೇ ಶಾಲೆಯ ಕೋಣೆ ಬಾಡಿಗೆಗೆ ಹಿಡಿದು, ಹೊಳೆಬೀದಿಯ ಎಂಟು ಮನೆಗಳ ಜಗುಲಿಯಲ್ಲಿ ಪೆಟ್ಟಿಗೆ ತೂಗುಹಾಕಿದ್ದರು. ಯಾವ ದಿನ ಹೊಗೆ ಎಷ್ಟು, ಆ ವಾರ ಉಸಿರು ಕಟ್ಟಿ ಆಸ್ಪತ್ರೆಗೆ ಹೋದವರು ಎಷ್ಟು ಎಂದು ಹೊಂದಿಸಿ ನೋಡುವುದು ಅವರ ಕೆಲಸ. ಊರಿಗೆ ಅದು ಹಿಡಿಸಿರಲಿಲ್ಲ. ನಮ್ಮ ಕಡೆ ಒಲೆಯ ಬಗ್ಗೆ ಮಾತಾಡಿದರೆ ತಾಯಿಯ ಬಗ್ಗೆ ಮಾತಾಡಿದ ಹಾಗೆ. ಹೊಗೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವರ ಕಾರಿನ ಗಾಜಿಗೆ ಯಾರೋ ಎರಡು ಸಲ ಬೆದರಿಕೆಯ ಚೀಟಿ ಸಿಕ್ಕಿಸಿದ್ದರು.

"ಇಷ್ಟು ಅವಸರ ಯಾಕೆ?" ಎಂದು ಕೇಳಿದರು ಪೈಬಸ್.

ಡಾಕ್ಟರ್ ಹೇಳಿದರು. ಜೂನ್ ತಿಂಗಳ ಬಿಲ್ಲೆಗಳನ್ನು ಎಂಟೂ ಒಟ್ಟಿಗೆ ಕರಗಿಸಿ ಪರೀಕ್ಷೆ ಮಾಡಿಸಿದ್ದರು. ಮೊನ್ನೆ ಶುಕ್ರವಾರ ಪ್ರಯೋಗಾಲಯದಿಂದ ಫೋನ್ ಬಂತು. ಹೊಗೆಯಲ್ಲಿ ಆರ್ಸೆನಿಕ್ ಇದೆ. ಪಾಷಾಣ. ಗೆದ್ದಲು ಹತ್ತದಂತೆ ಔಷಧಿ ಕುಡಿಸಿದ ಮರವನ್ನು ಸುಟ್ಟರೆ ಮಾತ್ರ ಹಾಗೆ ಬರುತ್ತದೆ. ಎಂಟೂ ಕಲಸಿದ್ದರಿಂದ ಯಾವ ಮನೆಯ ಕಡೆಯದು ಎಂದು ಗೊತ್ತಾಗಲಿಲ್ಲ. ಈ ಸಲದ ಎಂಟನ್ನು ಬೇರೆಬೇರೆಯಾಗಿ ನೋಡಬೇಕೆಂದು ಇಂದಿನ ವಿಮಾನಕ್ಕೆ ಕಳಿಸುವುದಿತ್ತು. ಅವೇ ಹೋಗಿವೆ.

"ಯಾರೋ ಪಾಷಾಣ ಉರಿಸ್ತಿದ್ದಾರೆ ಮೇಡಂ. ಅವರಿಗೆ ಗೊತ್ತಿಲ್ಲ. ಬಾಗಿಲು ಹಾಕ್ಕೊಂಡು ಅದರ ಮುಂದೇನೇ ಕೂತಿದ್ದಾರೆ."

"ಎಷ್ಟು ದಿನ ತಡೀತಾರೆ?"

"ವಯಸ್ಸಾದವರಾದ್ರೆ ಹೇಳಕ್ಕಾಗಲ್ಲ."

ಹೊಳೆಬೀದಿಯಲ್ಲಿ ಎಪ್ಪತ್ತು ದಾಟದವರೇ ಕಡಿಮೆ. ಎಲ್ಲರ ಒಲೆಯನ್ನೂ ಆರಿಸಿಬಿಡಿ ಎನ್ನುವ ಹಾಗೂ ಇರಲಿಲ್ಲ. ಹೊರಗೆ ಸೊನ್ನೆಗಿಂತ ನಾಲ್ಕು ಕೆಳಗೆ. ಒಲೆ ಆರಿಸಿದರೆ ಚಳಿ ಕೊಲ್ಲುತ್ತದೆ, ಉರಿಸಿದರೆ ಹೊಗೆ. ಕ್ಲೆನೆಟ್‌ನ ಮುಖದಲ್ಲಿದ್ದ ನಗೆ ಹೋಗಿತ್ತು.

"ಈ ವಿಷಯ ಯಾರಿಗೆ ಹೇಳಿದ್ರಿ?" ಎಂದರು ಪೈಬಸ್.

"ಯಾರಿಗೂ ಇಲ್ಲ."

ಎಂಟೂವರೆಗೆ ಹಳೇ ಶಾಲೆಯ ಕೋಣೆಯಲ್ಲಿ ಮಹಜರು ಮಾಡಿದರು. ಡಾಕ್ಟರು ಸೋಮವಾರ ಮಧ್ಯಾಹ್ನ ಒಂದಕ್ಕೆ ಹೊರಟು ಆರಕ್ಕೆ ಬಂದಿದ್ದರು. ಬಿಲ್ಲೆ ಇಟ್ಟಿದ್ದ ಮಂಜುಗಡ್ಡೆಯ ಪೆಟ್ಟಿಗೆ ತೆರೆದು ನೋಡಿದ್ದು ಇಂದು ಬೆಳಿಗ್ಗೆಯೇ. ಬೀಗ ಒಡೆದಿರಲಿಲ್ಲ. ಬೀಗದ ಕೈ ಹೂಕುಂಡದ ಕೆಳಗೆ ಇಡುವುದು ನಮ್ಮೂರಲ್ಲಿ ಎಲ್ಲರ ಪದ್ಧತಿ, ಡಾಕ್ಟರೂ ಕಲಿತಿದ್ದರು. ಕಂಪ್ಯೂಟರ್, ಕ್ಯಾಮೆರಾ ಇದ್ದ ಹಾಗೇ ಇದ್ದವು. ಆ ಪೆಟ್ಟಿಗೆಯಿಂದ ಬಳಸಿದ ಎಂಟು ಬಿಲ್ಲೆ ಮಾತ್ರ ತೆಗೆದು, ಕಳ್ಳ ಮುಚ್ಚಳ ಸರಿಯಾಗಿ ಹಾಕಿದ್ದ. ಹೊರಗಿನ ಚಾಪೆಯ ಮೇಲೆ ಒಣಗಿದ ಕೆಸರು ಇತ್ತು. ಒಳಗಿನ ನೆಲದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

"ಕಾಲು ಒರೆಸ್ಕೊಂಡು ಬಂದ ಕಳ್ಳ," ಅಂದರು ಪೈಬಸ್.

ಹನ್ನೊಂದಕ್ಕೆ ಸೌದೆ ವ್ಯಾಪಾರಿ ಡಗ್ ಸ್ಪಾಲ್ಡಿಂಗ್‌ನನ್ನು ವಿಚಾರಿಸಿದರು. ಹೆಂಡದಂಗಡಿಯಲ್ಲಿ ನಾಲ್ಕು ಜನರ ಮುಂದೆ ಡಾಕ್ಟರನ್ನು ಬೈದವನು ಅವನೇ. ಚೀಟಿ ಸಿಕ್ಕಿಸಿದ್ದು ತಾನೇ ಎಂದು ಒಪ್ಪಿಕೊಂಡ. ಸೋಮವಾರ ಇಡೀ ದಿನ ಕಾಡಿನಲ್ಲಿ ಇಬ್ಬರು ಆಳುಗಳ ಜೊತೆ ಇದ್ದ.

"ಆಯಮ್ಮನ ಮೇಲೆ ಹಗೆ ತೀರಿಸ್ಕೋಬೇಕು ಅಂದ್ರೆ ಒಂದು ಗಾಡಿ ಹಸಿ ಸೌದೆ ಮಾರ್ತಿದ್ದೆ ಬಿಡಿ ಮೇಡಂ," ಅಂದ. ಔಷಧಿ ಮರ ಮಾರಿದ್ದೀಯಾ ಎಂದದ್ದಕ್ಕೆ ಅವನಿಗೆ ನಿಜವಾಗಿ ಸಿಟ್ಟು ಬಂತು. ಹೊಳೆಬೀದಿಯಲ್ಲಿ ತನ್ನ ಹತ್ತಿರ ಕೊಳ್ಳುವವರೇ ಇಲ್ಲ, ವಿಧವೆಯರಿಗೆಲ್ಲ ಸಂಘದ ಬಿಟ್ಟಿ ಸೌದೆ ಬರುತ್ತದೆ ಎಂದ.

ಮಧ್ಯಾಹ್ನದಿಂದ ಮನೆಮನೆಯ ಸೌದೆ ನೋಡಲು ಹೊರಟರು. ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಬಾಗಿಲು ತೆರೆದವರೆಲ್ಲ ತಮ್ಮ ಒಲೆಯ ಕಡೆ ತಿರುಗಿ ನೋಡುತ್ತಿದ್ದರು, ಮನೆಯೊಳಗೆ ಹೊಸಬರು ಬಂದು ಕೂತಿರುವ ಹಾಗೆ. ಒಬ್ಬಾಕೆ ಒಲೆಗೆ ನೀರು ಸುರಿದು, ಕೋಟು ತೊಟ್ಟು, ಅಡಿಗೆಮನೆಯಲ್ಲಿ ನಿಂತೇ ಇದ್ದರು.

ಡಲ್ಸಿ ಫ್ಯಾರೆಲ್‌ಗೆ ಎಂಬತ್ತೊಂದು. ಗಂಟಲು ಒಡೆದಿತ್ತು. ಹದಿನೈದು ದಿನದಿಂದ ಪಾದದಲ್ಲಿ ಇರುವೆ ಹರಿದಂತೆ ಆಗುತ್ತಿದೆ, ವಯಸ್ಸಿನದು ಎಂದುಕೊಂಡೆ ಎಂದರು. ನಾಯಿ ಸತ್ತು ಎಂಟು ದಿನ ಆಗಿತ್ತು. ಒಲೆಯ ಬೂದಿ ತಟ್ಟೆ ನೆಕ್ಕುವ ಚಟ ಅದಕ್ಕೆ. ಪೈಬಸ್ ಅದನ್ನು ಬರೆದುಕೊಂಡು, ಅಡಿಗೆರೆ ಎಳೆದರು.

ಹಿತ್ತಲಿನಲ್ಲಿ ಕ್ಲೆನೆಟ್ ಸೌದೆಯ ಒಟ್ಟಿಲಿನ ಮುಂದೆ ನಿಂತುಬಿಟ್ಟಿದ್ದ. ಒಣಗಿದ, ಒಳ್ಳೆಯ ಕಾಡು ಸೌದೆ. ಔಷಧಿಯ ಸುಳಿವಿಲ್ಲ.

"ಇದು ಯಾವಾಗ ಬಂತು ಡಲ್ಸಿಯಮ್ಮ?"

"ನಿನ್ನೆ. ಊರ ಹಾಲ್‌ಗೆ ಇಸ್ಪೀಟಾಡೋಕೆ ಹೋಗಿದ್ದೆ, ಬರೋಷ್ಟರಲ್ಲಿ ಇತ್ತು."

"ಹಳೇದೆಲ್ಲಿ?"

"ಒಯ್ದಿದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ದಾನ ಕೊಟ್ಟ ದನದ ಹಲ್ಲು ಎಣಿಸ್ತಾರೇನೋ ಮಗಾ?"

ಹಳೆಯದು ಒಂದು ತುಂಡೂ ಉಳಿದಿಲ್ಲವೇ ಎಂದು ಪೈಬಸ್ ಕೇಳಿದರು. ಡಲ್ಸಿ ಕಿಟಕಿಯ ಆಚೆ ನೋಡಿ, ಇಲ್ಲ ಎಂದರು. ತಡವಾಗಿ ಬಂದ ಉತ್ತರ ಅದು. ಕಿಟಕಿಯ ಆಚೆ ನಾಯಿಯನ್ನು ಹೂತ ಸೇಬಿನ ಮರ ಇತ್ತು. ಪೈಬಸ್ ಅದರ ದುಃಖ ಎಂದುಕೊಂಡರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಾನು ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು ಎಂದು ಆಮೇಲೆ ಅವರೇ ಹೇಳಿದರು.

ಹೊರಗೆ ಬಂದ ಮೇಲೆ ಕ್ಲೆನೆಟ್ ದನಿ ತಗ್ಗಿಸಿ ಹೇಳಿದ. ಸೌದೆ ಒಟ್ಟುವುದು ಕೈಬರಹದ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ತೊಗಟೆ ಮೇಲೆ ಮಾಡಿ, ತುದಿಗಳನ್ನು ಅಡ್ಡಡ್ಡ ಹೆಣೆದು, ಪ್ರತಿ ನಾಲ್ಕನೇ ಸಾಲಿಗೆ ಗಾಳಿಯಾಡಲು ಚಪ್ಪಟೆ ಕಡ್ಡಿ ಇಡುವವರು ಈ ಕಣಿವೆಯಲ್ಲಿ ಒಬ್ಬರೇ. ತನ್ನ ಮದುವೆಯ ವರ್ಷ ಅವರ ಜೊತೆ ಸೌದೆ ಹಂಚಿದ್ದ.

"ಮರ್ವ್ ಹ್ಯಾಡಕ್," ಅಂದ. ಹೇಳಿದ ಮೇಲೆ ಹೇಳಬಾರದಿತ್ತು ಎನ್ನುವಂತೆ ಬಾಯಿ ಒರೆಸಿಕೊಂಡ.

ಮರ್ವ್‌ಗೆ ಎಪ್ಪತ್ತನಾಲ್ಕು. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಹತ್ತೊಂಬತ್ತು ಚಳಿಗಾಲ ವಿಧವೆಯರಿಗೆ ಬಿಟ್ಟಿ ಸೌದೆ ಹಂಚಿದ ಸಂಘ ಎಂದರೆ ಅವರೇ. ಸೋಮವಾರ ಹಾಲ್‌ಗೆ ಮುದುಕಿಯರನ್ನು ಕರೆದೊಯ್ಯುವ ವ್ಯಾನು ಗೊತ್ತುಮಾಡುವವರೂ ಅವರೇ. ಜೂನ್ ಮೊದಲ ವಾರ ಹೆಂಡತಿ ಜೀನ್ ತೀರಿಕೊಂಡಿದ್ದಳು.

ಆ ಬೀದಿಯ ಇನ್ನೂ ಎರಡು ಮನೆಗಳಲ್ಲಿ ಅದೇ ಕೈಯ ಹೊಸ ಒಟ್ಟಿಲು ಸಿಕ್ಕಿತು. ಮೂರೂ ಹತ್ತಕ್ಕೆ ಕೊನೆಯ ಬಾಗಿಲು ತಟ್ಟಿದರು. ಯೂನಾ ಕ್ರಿಸ್ಪ್, ಎಂಬತ್ತನಾಲ್ಕು, ಡಲ್ಸಿಯ ಗಂಡನ ಅಕ್ಕ. ಸಂಘದ ಪಟ್ಟಿಯಲ್ಲಿ ಇಲ್ಲದವರು. ಸೇರಿಸುತ್ತೇವೆ ಎಂದವರನ್ನು ಗೇಟಿನಿಂದಲೇ ಕಳಿಸಿದವರು. ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ತಲೆಗೆ ಬಿಗಿದ ವಸ್ತ್ರ ಸರಿಮಾಡಿಕೊಂಡು, "ಸೌದೆ ನೋಡೋಕೆ ಬಂದ್ಯೋ, ನನ್ನ ನೋಡೋಕೆ ಬಂದ್ಯೋ?" ಎಂದರು. ತಾನು ಕರೆಂಟಿನ ಹೀಟರ್ ಇಟ್ಟುಕೊಂಡಿದ್ದೇನೆ, ಒಲೆ ಹಚ್ಚಿ ಎರಡು ವರ್ಷವಾಯಿತು ಎಂದರು. ಸೂರಿನ ಮೇಲೆ ನೋಡಿದರೆ ಆ ಮಬ್ಬಿನಲ್ಲಿ ಯಾವ ಚಿಮಣಿ ಹೊಗೆಯಾಡುತ್ತಿದೆ, ಯಾವುದು ಇಲ್ಲ ಎಂದು ಹೇಳುವಂತಿರಲಿಲ್ಲ. ಒಲೆ ಹಚ್ಚುವುದಿಲ್ಲ ಎಂದು ಕ್ಲೆನೆಟ್ ಬರೆದುಕೊಂಡ.

ಸಂಜೆ ಪೈಬಸ್ ಡಾಕ್ಟರನ್ನು ಮತ್ತೆ ಕೇಳಿದರು. ಯಾರಿಗೂ ಹೇಳಲಿಲ್ಲವೇ?

ಡಾಕ್ಟರ್ ಕುರ್ಚಿ ಎಳೆದು ಕೂತು ಹೇಳಿದರು. ಎಂಟು ಮನೆಯ ಬಾಗಿಲು ತಮಗೆ ತೆರೆದುಕೊಟ್ಟವರೇ ಮರ್ವ್. ಶನಿವಾರ ಅವರ ಹತ್ತಿರ ಹೋಗಿ, ಔಷಧಿ ಮರ ಯಾರಾದರೂ ಸುಡುತ್ತಿದ್ದಾರಾ ಎಂದು ಕೇಳಿದ್ದರು. ಮಂಗಳವಾರ ಬಿಲ್ಲೆ ಕಳಿಸುತ್ತೇನೆ, ಗುರುವಾರದ ಹೊತ್ತಿಗೆ ಮನೆ ಯಾವುದು ಅಂತ ಗೊತ್ತಾಗುತ್ತದೆ ಎಂದೂ ಹೇಳಿದ್ದರು.

"ಅವರನ್ನ ನಾನು 'ಯಾರಿಗೂ' ಅನ್ನೋದರಲ್ಲಿ ಸೇರಿಸ್ಲೇ ಇಲ್ಲ ಮೇಡಂ."

ಜುಲೈ ಹದಿನೇಳು, ಬುಧವಾರ, ಬೆಳಿಗ್ಗೆ ಒಂಬತ್ತು. ಮರ್ವ್ ಹ್ಯಾಡಕ್ ಮನೆಯ ಕೊಟ್ಟಿಗೆಯನ್ನು ಶೋಧಿಸಿದರು. ಟಾರ್ಪಾಲಿನ ಕೆಳಗೆ ಮೊಳದುದ್ದಕ್ಕೆ ಕೊಯ್ದ ಗುಂಡುಕಂಬಗಳು. ಹೊರಗೆಲ್ಲ ಬೂದಿಬಣ್ಣ, ಮಳೆಬಿಸಿಲು ಉಂಡದ್ದು. ಕೊಯ್ದ ಮುಖದಲ್ಲಿ ಮಾತ್ರ, ಅಂಚಿನ ಸುತ್ತ, ಬಳೆಯಷ್ಟು ತೆಳ್ಳನೆಯ ಹಸಿರು, ಔಷಧಿಯ ಬಣ್ಣ. ಬಿಲ್ಲೆಗಳು ಅಡಿಗೆಮನೆಯಲ್ಲಿ, ಜೀನ್ ಕೇಕು ತುಂಬಿಡುತ್ತಿದ್ದ ತಗಡಿನ ಡಬ್ಬದಲ್ಲಿದ್ದವು. ಎಂಟೂ ಇದ್ದವು.

ಮನೆಯೊಳಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು.

"ಇವನ್ನ ತಗೊಂಡಿದ್ದು ನೀವಾ?"

"ಹೌದಮ್ಮ."

"ಸುಟ್ಟುಹಾಕ್ಲಿಲ್ಲ ಯಾಕೆ?"

"ಶನಿವಾರದಿಂದ ನಾನು ಒಲೆ ಹಚ್ಚಿಲ್ಲ."

ಮಿಕ್ಕದ್ದನ್ನು ತಡೆಯದೆ ಹೇಳಿದರು. ಏಪ್ರಿಲ್‌ನಲ್ಲಿ ಕಾಡಿನ ಸೌದೆಯ ಪರವಾನಗಿ ಅರ್ಧಕ್ಕಿಳಿದಿತ್ತು. ಪಟ್ಟಿಯಲ್ಲಿ ಮುದುಕಿಯರು ಮೊದಲಿನಷ್ಟೇ. ಕಿತ್ತುಹಾಕಿದ ದ್ರಾಕ್ಷಿ ತೋಟದ ಕಂಬಗಳು ಬಿಟ್ಟಿ ಸಿಕ್ಕವು. ಗರಗಸ ಇಟ್ಟಾಗ ಹಸಿರು ಕಂಡಿತು. ಮೂವತ್ತು ವರ್ಷ ಮಳೆಯಲ್ಲಿ ನಿಂತದ್ದು, ಔಷಧಿಯೆಲ್ಲ ತೊಳೆದುಹೋಗಿರುತ್ತದೆ ಎಂದುಕೊಂಡರು. ಐವತ್ತು ವರ್ಷ ಮರದ ಜೊತೆ ಬಾಳಿದ ಮನುಷ್ಯ ಹಾಗೆ ಅಂದುಕೊಳ್ಳಬಾರದಿತ್ತು.

"ಎಷ್ಟು ಮನೆಗೆ ಕೊಟ್ರಿ?"

"ಮೂರಕ್ಕೆ."

"ಎಲ್ಲ ವಾಪಸ್ ತಂದ್ರಾ?"

"ತಂದೆ. ಡಲ್ಸಿ ಮನೇಲಿ ಇರಬೇಕಾದಷ್ಟು ಇರ್ಲಿಲ್ಲ. ಉರಿಸಿರ್ತಾಳೆ ಅಂದ್ಕೊಂಡೆ."

ಡಾಕ್ಟರ ಬಾಯಿಂದ ಕೇಳಿದ ಶನಿವಾರವೇ ಠಾಣೆಗೆ ಯಾಕೆ ಬರಲಿಲ್ಲ, ಬಿಲ್ಲೆ ಯಾಕೆ ಕದ್ದಿರಿ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ಪೈಬಸ್ ಮೂರು ಸಲ ಕೇಳಿದರು. ಮರ್ವ್ ಆರಿದ ಒಲೆಯನ್ನು ನೋಡುತ್ತ ಕೂತರು. ಕಳವಿನ ಆರೋಪ ಹೊರಿಸಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯಲ್ಲಿ ರುಜು ಹಾಕಬೇಕೆಂದು ಜಾಮೀನಿನ ಮೇಲೆ ಬಿಟ್ಟರು.

ಮೂವರು ವಿಧವೆಯರನ್ನು ರಕ್ತಪರೀಕ್ಷೆಗೆ ಪೇಟೆಯ ದೊಡ್ಡಾಸ್ಪತ್ರೆಗೆ ಕಳಿಸಿದ್ದಾಯಿತು. ಹೊಳೆಬೀದಿ ಉಸಿರುಬಿಟ್ಟು ಮತ್ತೆ ಒಲೆ ಹಚ್ಚಿತು. ಬಿಲ್ಲೆಗಳನ್ನು ಡಾಕ್ಟರ್ ಗುರುವಾರದ ವಿಮಾನಕ್ಕೆ ಕಳಿಸಿದರು. ಕಳ್ಳ ಸಿಕ್ಕಿದ ಮೇಲೆ ಇನ್ನೇಕೆ ಎಂದ ಕ್ಲೆನೆಟ್. ಡಾಕ್ಟರು, ನೋಡದೆ ಬಿಟ್ಟದ್ದು ಇಲ್ಲ ಎಂದಾಗುವುದಿಲ್ಲ ಎಂದರು.

ಜುಲೈ ಇಪ್ಪತ್ತು, ಶನಿವಾರ, ಹತ್ತೂ ಕಾಲು. ಪ್ರಯೋಗಾಲಯದ ಫೋನ್ ಬಂತು. ಡಾಕ್ಟರ್ ಓಡಿಕೊಂಡೇ ಠಾಣೆಗೆ ಬಂದರು.

"ಮೂರಲ್ಲ ಮೇಡಂ, ನಾಲ್ಕು. ಆರನೇ ಪೆಟ್ಟಿಗೆಯಲ್ಲೇ ಎಲ್ಲಕ್ಕಿಂತ ಜಾಸ್ತಿ."

ಆರನೇ ಪೆಟ್ಟಿಗೆ ಇದ್ದದ್ದು ನಿವೃತ್ತ ಮೇಷ್ಟ್ರೊಬ್ಬರ ಜಗುಲಿಯಲ್ಲಿ. ಆ ಮನೆಯಲ್ಲಿ ಒಲೆಯೇ ಇಲ್ಲ. ಹಾಗಾದರೆ ಪಕ್ಕದ ಮನೆಯ ಹೊಗೆ. ಕ್ಲೆನೆಟ್ ತನ್ನ ಪುಸ್ತಕ ತೆರೆದು ಮಂಗಳವಾರದ ಪುಟ ತಿರುಗಿಸಿದ. ಮೂರೂ ಹತ್ತು, ಯೂನಾ ಕ್ರಿಸ್ಪ್, ಒಲೆ ಹಚ್ಚುವುದಿಲ್ಲ. ತನ್ನ ಅಕ್ಷರವನ್ನೇ ಅವನು ಎರಡು ಸಲ ಓದಿದ.

ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹತ್ತೂ ಮೂವತ್ತೆರಡಕ್ಕೆ ಹಿಂಬಾಗಿಲು ಮುರಿದರು. ಒಳಗೆ ಬೆಚ್ಚಗಿತ್ತು. ಬಚ್ಚಲ ತೊಟ್ಟಿಯಲ್ಲಿ ಬೂದಿಬಣ್ಣದ ತುಂಡುಗಳನ್ನು ಅಂಚಿನವರೆಗೆ ಒಟ್ಟಿ, ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಹೀಟರ್ ಗೋಡೆಗೆ ಒರಗಿತ್ತು. ಅದರ ತಂತಿಯನ್ನು ಇಲಿ ಕಡಿದು ಬಹಳ ಕಾಲವಾಗಿತ್ತು. ಒಲೆಯ ಗಾಳಿಬಾಗಿಲು ಮುಚ್ಚಿ, ಬೆಳಗಿನ ತನಕ ಕೆಂಡ ಉಳಿಯುವ ಹಾಗೆ ಮಾಡಿತ್ತು. ನಾವೆಲ್ಲ ಮಾಡುವುದೇ ಹಾಗೆ. ಅದರ ಮುಂದಿನ ಕುರ್ಚಿಯಲ್ಲಿ ಯೂನಾ ಇದ್ದರು. ಕಣ್ಣು ತೆರೆದಿತ್ತು. ಕುರ್ಚಿಯ ಬೆನ್ನಿಗೆ ಕೂದಲು ಉದುರಿ ಅಂಟಿತ್ತು. ಉಗುರಿಗೆಲ್ಲ ಅಡ್ಡಡ್ಡ ಬಿಳಿ ಗೆರೆ, ಪಾಷಾಣದ ಗುರುತು.

"ಕಾಲು ಎಲ್ಲೋ ಹೋಯ್ತು ರೋವನ್," ಎಂದರು. "ಹುಡುಕಿಕೊಡು."

ಕ್ಲೆನೆಟ್ ಅವರನ್ನು ಎತ್ತಿಕೊಂಡೇ ಹೊರಗೆ ಬಂದ.

ಆ ಮಧ್ಯಾಹ್ನ ಆಸ್ಪತ್ರೆಯ ಹಾಸಿಗೆಯಲ್ಲಿ ಡಲ್ಸಿ ಹೇಳಿಕೆ ಕೊಟ್ಟರು. ಜೂನ್‌ನಲ್ಲಿ, ಕತ್ತಲಾದ ಮೇಲೆ, ನಾಲ್ಕು ತಳ್ಳುಗಾಡಿ ಸೌದೆಯನ್ನು ತಾವೇ ಯೂನಾಗೆ ಕೊಟ್ಟಿದ್ದರು. ಬಿಟ್ಟಿ ಸೌದೆ ಉರಿಸಿದಳು ಎನ್ನಿಸಿಕೊಳ್ಳುವವಳಲ್ಲ ಯೂನಾ. ಹಗಲು ಹಚ್ಚುವುದಿಲ್ಲ, ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದಳು. ಮಂಗಳವಾರ ಡಲ್ಸಿ ಆ ಮಾತಿಗೆ ಕಟ್ಟುಬಿದ್ದರು. ವಿಷ ಇದ್ದದ್ದು ಆ ಸೌದೆಯಲ್ಲೇ ಎಂದು ತಿಳಿದ ಬುಧವಾರವೇ ಆಸ್ಪತ್ರೆಯಿಂದ ಯೂನಾಗೆ ಫೋನ್ ಮಾಡಿದರು.

"ಹೊರಗೆ ಹಾಕಿಸ್ತೀನಿ ಅಂದ್ಲು. ನಂಬಿದೆ. ಹಾಕಿಸ್ಬೇಕಾದ್ರೆ ಇನ್ನೊಬ್ರನ್ನ ಕರೀಬೇಕಲ್ಲ, ಕರೆದ್ರೆ ಅವರು ನೋಡ್ತಾರಲ್ಲ. ಅದು ನನಗೆ ಹೊಳೀಲೇ ಇಲ್ಲ."

ಡಲ್ಸಿಗೂ ಉಳಿದಿಬ್ಬರಿಗೂ ಔಷಧಿ ಹಿಡಿಯಿತು. ಯೂನಾಗೆ ಹಿಡಿಯಲಿಲ್ಲ. ದಿನಾ ಒಂಬತ್ತಕ್ಕೆ ಮರ್ವ್ ಠಾಣೆಗೆ ಬರುತ್ತಿದ್ದರು, ರುಜು ಹಾಕುತ್ತಿದ್ದರು, ಯೂನಾ ಹೇಗಿದ್ದಾರೆ ಎಂದು ಒಂದೇ ಮಾತು ಕೇಳುತ್ತಿದ್ದರು. ಮರ್ವ್‌ಗೆ ತಿಳಿದ ಶನಿವಾರವೇ, ಏಳು ದಿನ ಮೊದಲು ಗೊತ್ತಾಗಿದ್ದರೆ ಉಳಿಯುತ್ತಿದ್ದರಾ ಎಂದು ಒಂದು ದಿನ ಪೈಬಸ್ ಆಸ್ಪತ್ರೆಯ ವೈದ್ಯರನ್ನು ಕೇಳಿದರು. ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ ಎಂದರು ಅವರು.

ಆಗಸ್ಟ್ ಎಂಟು, ಗುರುವಾರ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಯೂನಾ ಕ್ರಿಸ್ಪ್ ತೀರಿಕೊಂಡರು. ಒಂಬತ್ತಕ್ಕೆ ಮರ್ವ್ ಬಂದರು. ಪೈಬಸ್ ಎದ್ದು ನಿಂತು ಹೇಳಿದರು. ಸಾವಿಗೆ ಕಾರಣವಾದ ಆರೋಪದ ಮೇಲೆ ಬಂಧಿಸುತ್ತಿದ್ದೇನೆ ಎಂದೂ ಹೇಳಿದರು. ಮರ್ವ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಅಂದು ಉತ್ತರ ಕೊಡದಿದ್ದ ಪ್ರಶ್ನೆಗೆ ಇಂದು ಕೇಳದೆಯೇ ಉತ್ತರ ಕೊಟ್ಟರು.

ಬೇರೆಯವರ ಮನೆಗೆ ಕೊಡುವ ಮೊದಲು ಹೇಗೆ ಉರಿಯುತ್ತದೆ ನೋಡೋಣ ಎಂದು ಮೊದಲ ಗಾಡಿಯನ್ನು ತಮ್ಮ ಒಲೆಗೇ ಹಾಕಿದ್ದರು. ಏಪ್ರಿಲ್‌ನಿಂದ. ಅವರು ದಿನವೆಲ್ಲ ಕೊಟ್ಟಿಗೆಯಲ್ಲಿ, ಜೀನ್ ದಿನವೆಲ್ಲ ಒಲೆಯ ಮುಂದೆ. ಜೂನ್‌ನಲ್ಲಿ ಆಕೆ ತೀರಿಕೊಂಡಾಗ, ಎದೆಗೆ ಶೀತ ಇಳಿದದ್ದು ಎಂದು ವೈದ್ಯರು ಬರೆದುಕೊಟ್ಟಿದ್ದರು.

"ಊರು ಏನನ್ನುತ್ತೆ ಅಂತ ಕದ್ದಿದ್ದಲ್ಲಮ್ಮ," ಅಂದರು. "ಆ ಬಿಲ್ಲೆ ಬಾಯಿ ಬಿಟ್ಟರೆ ನನಗೆ ಗೊತ್ತಾಗಿಬಿಡ್ತಿತ್ತು. ನನಗೆ ಗೊತ್ತಾಗಬಾರದಿತ್ತು."

ಪೈಬಸ್ ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಬರೀರಿ. ಯೂನಾ ಹೆಸರಿನ ಕೆಳಗೆ ಜೀನ್ ಹೆಸರೂ ಬರೀರಿ."

"ಅದಕ್ಕೆ ಸಾಕ್ಷಿ ಇಲ್ಲ ಮರ್ವ್. ದಹನ ಆಗಿದೆ."

"ನಾನಿದೀನಲ್ಲ."

ಕಾನೂನು ಒಪ್ಪುತ್ತದೋ ಇಲ್ಲವೋ, ಹೇಳಿಕೆಯಲ್ಲಿ ಆ ಹೆಸರು ಬರೆದರು. ಮರ್ವ್ ಓದಿ ನೋಡಿ ರುಜು ಹಾಕಿದರು. ಮರುದಿನ ಹತ್ತು ಗಂಟೆಗೆ ಪೇಟೆಯ ಜೈಲಿನ ವ್ಯಾನು ಬಂತು. ಕ್ಲೆನೆಟ್ ಬಾಗಿಲು ಹಿಡಿದುಕೊಂಡ. ಮರ್ವ್ ಹ್ಯಾಡಕ್ ಬ್ರಾಕ್‌ಫರ್ಡ್ ಬಿಟ್ಟದ್ದು ಆಗಸ್ಟ್ ಒಂಬತ್ತು, ಶುಕ್ರವಾರ.